ಹೊರೆಯೆತ್ತುವ ಯಂತ್ರವೂ ಅದರ ಆಹಾರವೂ

ಕೊಟ್ಟೂರಿನ ಗುರುಬಸವೇಶ್ವರಸ್ವಾಮಿಯ ತೇರನ್ನು ಅಸಂಖ್ಯ ಭಕ್ತರು ಕೂಡಿ ಎಳೆಯುವರು. ಆದುದರಿಂದ ಅದರ ಭಾರವು ಒಬ್ಬನಿಗೂ ತೋರದು. ಅದೇ ಊರಿನ ಪೇಟೆಯಲ್ಲಿ ಮೆಕ್ಕೆಜೋಳದ ಚೀಲವನ್ನಾದರೋ ಹಮಾಲನ ಒಂದೇ ಬೆನ್ನು ಹೊರಬೇಕು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿಯೂ ನಾವು ಕಂಡುದು ಇದೇ. ಒಬ್ಬ ಗಂಡಾಳು ಹೊರುವ ಹೊರೆ ೫೫ ಕಿಲೋಗ್ರಾಮನ್ನು ಮೀರಿದ್ದರೆ ಅದನ್ನು ಬೇಗನೆ ತಗ್ಗಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ೧೯೬೭ರಲ್ಲಿಯೇ ಸಲಹೆಯಿತ್ತಿರುವುದು.

ಈಚೆಗೆ ಧಾನ್ಯದ ವ್ಯಾಪಾರಿಯಾದ ನಮ್ಮ ಹಳೆಯ ಶಿಷ್ಯನೊಬ್ಬನು ಬಂದು, “ಗುರುಗಳೇ, ಗೋದಾಮಿಗೆ ಫೋರ್ಕ್‌ಲಿಫ್ಟ್ ಕೊಳ್ಳಬೇಕೆಂದಿದ್ದೇನೆ. ಹಳೆಯ ಡೀಸೆಲ್ ಯಂತ್ರವೊಂದು ಅಗ್ಗಕ್ಕೆ ಸಿಗುತ್ತದೆ, ತರಲೇ?” ಎಂದು ಕೇಳಿದನು.

ವಾಚಕರಲ್ಲಿ ಇದನ್ನು ಕಾಣದವರಿರಬಹುದು. ಇದು ಮುಂಗಡೆ ಎರಡು ಕಬ್ಬಿಣದ ಕೋಡುಗಳುಳ್ಳ ಬಂಡಿ. ಹಲಗೆಯ ಮೇಲೆ ಪೇರಿಸಿದ ಚೀಲಗಳ ಅಡಿಗೆ ಕೋಡುಗಳನ್ನು ತೂರಿಸಿ, ಎತ್ತಿ, ಬೇಕಾದೆಡೆಗೆ ಒಯ್ದು ಇಳಿಸುವುದು. ಬಂಡಿಯು ಮುಗ್ಗರಿಸದಂತೆ ಹಿಂಗಡೆ ತಕ್ಕಷ್ಟು ತೂಕವನ್ನಿಟ್ಟಿರುವರು.

ದಾನಕ್ಕೆ ದೇಶ, ಕಾಲ, ಪಾತ್ರಗಳನ್ನು ನೋಡಬೇಕೆಂದು ಹಿರಿಯರು ಹೇಳಿರುವರು. ಯಂತ್ರಕ್ಕೂ ಇದೇ ನಿಯಮವೆಂದು ನಾವು ಉತ್ತರವಿತ್ತೆವು.

ಮೊದಲು ದೇಶ. ಬಯಲು ಅಂಗಳಕ್ಕೆ, ಏರುತಗ್ಗಿನ ನೆಲಕ್ಕೆ ಡೀಸೆಲ್ ಎಂಜಿನೇ ಗಟ್ಟಿಗ. ಎಣ್ಣೆ ತುಂಬಲು ಕೆಲವೇ ನಿಮಿಷ ಸಾಕು. ಆದರೆ ಮುಚ್ಚಿದ ಗೋದಾಮಿಗೆ ಅದು ಸಲ್ಲದು. ಡೀಸೆಲಿನ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ೨೦೧೨ರಲ್ಲಿ ಕ್ಯಾನ್ಸರ್‌ಕಾರಕವೆಂದು ನಿರ್ಣಯಿಸಿತು. ಅಡುಗೆ ಅನಿಲದಿಂದ ನಡೆಯುವ ಯಂತ್ರದಲ್ಲಿ ಮಸಿ ಕಡಮೆ. ಆದರೂ ಅದು ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಾಣದ ವಿಷವು ಕಾಣುವ ಹೊಗೆಗಿಂತ ಮೋಸದ್ದು. ಒಳಾಂಗಣಕ್ಕೆ ವಿದ್ಯುತ್ತೇ ಲೇಸು.

ಇನ್ನು ಕಾಲ. ಸೀಸ ಮತ್ತು ಆಮ್ಲದ ಬ್ಯಾಟರಿಗೆ ಸುಮಾರು ಎಂಟು ಗಂಟೆ ದುಡಿಮೆ, ಎಂಟು ಗಂಟೆ ಚಾರ್ಜು, ಮತ್ತೆಂಟು ಗಂಟೆ ತಣಿಯಲು ವಿಶ್ರಾಂತಿ ಎಂಬುದು ರೂಢಿ. ಅದರ ಭಾರವೂ ವ್ಯರ್ಥವಲ್ಲ. ಬಂಡಿಯ ಹಿಂಗಡೆಯ ತೂಕಕ್ಕೆ ಅದೂ ಒದಗುವುದು. ಚಾರ್ಜು ಮಾಡುವಾಗ ಅದರಿಂದ ಹೊತ್ತಿಕೊಳ್ಳುವ ಜಲಜನಕವು ಹೊರಡುವುದರಿಂದ ಆ ಕೊಠಡಿಗೆ ಗಾಳಿ ಬೇಕು, ಬೀಡಿ ಕೂಡದು. ಲಿಥಿಯಂ ಬ್ಯಾಟರಿಗೆ ಬೆಲೆ ಹೆಚ್ಚು; ಆದರೆ ಊಟದ ಬಿಡುವಿನಲ್ಲಿಯೂ ಅಷ್ಟಿಷ್ಟು ತುಂಬಿಕೊಳ್ಳಬಹುದು. ಕರೆಂಟು ಯಾವ ಹೊತ್ತಿಗೆ ಇರುವುದು, ಯಾವ ಹೊತ್ತಿಗೆ ಹೋಗುವುದು ಎಂಬುದನ್ನು ವಿಚಾರಿಸಿಯೇ ಇವೆರಡರಲ್ಲಿ ಒಂದನ್ನು ಆರಿಸತಕ್ಕದ್ದು.

ಕಡೆಗೆ ಪಾತ್ರ. ಕಲಿಯದವನ ಕೈಗೆ ಸಿಕ್ಕ ಯಂತ್ರವು ಉರುಳಿ ಪ್ರಾಣವನ್ನೇ ತೆಗೆದೀತು. “ನಿನ್ನ ಚೀಲಗಳನ್ನು ಹೊತ್ತು ಬೆನ್ನು ಬಾಗಿದವನ ಮಗನಿಗೇ ಮೊದಲು ಕಲಿಸು. ಯಂತ್ರವು ಅವನ ಹೊರೆಯನ್ನು ತೆಗೆಯಲಿ, ಅನ್ನವನ್ನಲ್ಲ” ಎಂದೆವು.

ಶಿಷ್ಯನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊದಲು ಗೋದಾಮಿನ ಕಿಟಕಿಗಳನ್ನು ಎಣಿಸಿ ಬರುತ್ತೇನೆ, ಗುರುಗಳೇ” ಎಂದು ಹೊರಟನು.

ನಮ್ಮ ನಿಮ್ಮ ಅಡುಗೆಮನೆಯ ಕಾಳು ಯಾವನೋ ಒಬ್ಬನ ಬೆನ್ನೇರಿ ಬಂದುದು. ಅವನ ಉಸಿರಿನ ವಿಚಾರವು ಗೃಹಸ್ಥರಾದ ನಮಗೂ ಸೇರಿದ್ದಲ್ಲವೆ?