ಮಕ್ಕಳಿರುವ ಮನೆಗೆ ಎಂಥ ಹುಂಜ?

ಬೇಸಿಗೆ ರಜೆಗೆ ಅಜ್ಜಿಯ ಊರಿಗೆ ಬಂದ ಮಕ್ಕಳು ಮೊದಲು ಓಡುವುದು ಕೋಳಿಗೂಡಿನತ್ತ. ಹೇಟೆಗಳು ಗದ್ದಲ ಮಾಡುತ್ತ ಪಕ್ಕಕ್ಕೆ ಸರಿಯುತ್ತವೆ. ಹುಂಜ ಮಾತ್ರ ಸರಿಯುವುದಿಲ್ಲ. ತನ್ನ ಹಿಂಡನ್ನು ಕಾಯುವುದು ಅದರ ಹುಟ್ಟುಗುಣ. ಕೈ ಬೀಸುತ್ತ ಓಡಿಬರುವ ಮೂರಡಿಯ ಪೋರ ಅದರ ಕಣ್ಣಿಗೆ ಎದುರಾಳಿಯಂತೆ ಕಾಣುತ್ತಾನೆ. ದೊಡ್ಡವರ ಮೊಣಕಾಲಿಗೆ ಬೀಳುವ ಏಟು ಮಗುವಿನ ಮುಖಕ್ಕೇ ಬೀಳುತ್ತದೆ. ಕಣ್ಣಿಗೆ ತಗುಲಿದರೆ ಅದು ಜೀವಮಾನದ ನಷ್ಟ.

ಹಾಗಾದರೆ ಹುಂಜ ಬೇಕೇ? ಬರಿಯ ಮೊಟ್ಟೆಗಾಗಿಯಾದರೆ ಬೇಡ. ಹುಂಜವಿಲ್ಲದೆಯೂ ಹೇಟೆ ಮೊಟ್ಟೆಯಿಡುತ್ತದೆ. ಕಾವಿಗೆ ಕೂರಿಸಿ ಮರಿ ಮಾಡಿಸಬೇಕೆಂದರೆ ಹುಂಜ ಬೇಕೇ ಬೇಕು. ಎಂಟು ಹತ್ತು ಹೇಟೆಗಳಿಗೆ ಒಂದು ಸಾಕು. ಚಿಕ್ಕ ಹಿತ್ತಲಲ್ಲಿ ಎರಡಿದ್ದರೆ ಜಗಳ ತಪ್ಪಿದ್ದಲ್ಲ.

ಸಂತೆಯಲ್ಲಿ ಕಾಲು ಕಟ್ಟಿ ತಲೆಕೆಳಗಾಗಿ ಹಿಡಿದ ಹುಂಜದ ತೂಕ ತಿಳಿದೀತು, ಗುಣ ತಿಳಿಯದು. ಪರಿಚಯದವರ ಹಿತ್ತಲಿನಿಂದ ತರುವುದೇ ಮೇಲು. ವಯಸ್ಸು ಒಂದು ವರ್ಷ ದಾಟಿರಲಿ. ಮರಿಯಾಗಿದ್ದಾಗ ಮಡಿಲಲ್ಲಿ ಮಲಗುತ್ತಿದ್ದದ್ದು ಐದಾರು ತಿಂಗಳಿಗೆ ಪ್ರಾಯ ಬಂದಾಗ ಮೈಮೇಲೆ ಏರಿ ಬರಬಹುದು. ಕೈಯಲ್ಲೇ ಆಡಿಸಿ ಬೆಳೆಸಿದ ಹುಂಜಕ್ಕೆ ಮನುಷ್ಯರ ಭಯವೂ ಕಡಿಮೆ.

ಒಂದು ಸಂಜೆ ಕುಳಿತು ನೋಡಿದರೆ ಬಹಳಷ್ಟು ತಿಳಿಯುತ್ತದೆ. ಕಾಳು ಎರಚಿದಾಗ ಒಳ್ಳೆಯ ಹುಂಜ ಕಾಳನ್ನು ಕಚ್ಚಿ, ಕೆಳಗೆ ಹಾಕಿ, ಸದ್ದು ಮಾಡಿ ಹೇಟೆಗಳನ್ನು ಕರೆಯುತ್ತದೆ. ಮನುಷ್ಯರು ಬಂದರೆ ಒಂದಿಷ್ಟು ದೂರ ಸರಿದು ತನ್ನ ಕೆಲಸ ನೋಡಿಕೊಳ್ಳುತ್ತದೆ. ಒಂದು ರೆಕ್ಕೆ ಇಳಿಬಿಟ್ಟು ಜನರತ್ತಲೇ ಅಡ್ಡಡ್ಡ ಕುಣಿದು ಬರುವುದು, ಕತ್ತಿನ ಪುಕ್ಕ ನಿಗುರಿಸುವುದು, ಬೆನ್ನು ತಿರುಗಿಸಿದೊಡನೆ ಹಿಂಬಾಲಿಸುವುದು ಒಳ್ಳೆಯ ಲಕ್ಷಣಗಳಲ್ಲ. ಹೇಟೆಗಳ ಬೆನ್ನಿನ ಪುಕ್ಕ ಉದುರಿ ಬೋಳಾಗಿದ್ದರೆ ಹುಂಜ ಒರಟೆಂದು ಅನುಮಾನಿಸಬಹುದು. ಮನೆಯ ಹೆಂಗಸರನ್ನು ಒಂದು ಮಾತು ಕೇಳುವುದೂ ಒಳ್ಳೆಯದು: ‘ಹಿತ್ತಲಿಗೆ ಹೋಗುವಾಗ ಕೈಯಲ್ಲಿ ಕೋಲು ಹಿಡೀತೀರೇನಮ್ಮಾ?’

ತಳಿಯನ್ನಷ್ಟೇ ನಂಬುವಂತಿಲ್ಲ. ಅಸೀಲ್ ಕಾಳಗಕ್ಕೆಂದೇ ಬೆಳೆಸಿದ ತಳಿ. ಇನ್ನೊಂದು ಹುಂಜವನ್ನು ಸಹಿಸದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ 1980ರ ದಶಕದಲ್ಲಿ ರೂಪುಗೊಂಡ ಗಿರಿರಾಜ ಹಿತ್ತಲ ಸಾಕಣೆಗೆಂದೇ ಬಂದದ್ದು. ಆದರೆ ಒಂದೇ ಕಾವಿನ ಎರಡು ಹುಂಜಗಳಿಗೂ ಎರಡು ಸ್ವಭಾವ ಇರಬಹುದು. ಕರಾವಳಿಯ ಕೋಳಿ ಅಂಕದವರಿಗೆ ಬಣ್ಣ, ದಿನ ನೋಡಿ ಹುಂಜ ಆರಿಸಲು ಕುಕ್ಕುಟ ಪಂಚಾಂಗವೇ ಇದೆ. ಸಾಧು ಹುಂಜ ಆರಿಸಲು ಅಂಥ ಪಂಚಾಂಗವಿಲ್ಲ, ಕಣ್ಣೇ ಗತಿ.

ಮನೆಗೆ ತಂದ ಮೇಲೆ ಎರಡು ಮೂರು ವಾರ ಬೇರೆಯಾಗಿಡಬೇಕು. ರೋಗವಿದ್ದರೆ ಅಷ್ಟರಲ್ಲಿ ತಿಳಿಯುತ್ತದೆ. ಕಾಲ್ಮುಳ್ಳಿನ ಚೂಪು ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಿಸಬಹುದು. ಮುಳ್ಳಿನೊಳಗೆ ಜೀವವಿರುವ ಭಾಗವಿದೆ, ಆಳಕ್ಕೆ ಹೋದರೆ ರಕ್ತ ಬರುತ್ತದೆ. ತಿಳಿದವರೇ ಮಾಡಲಿ.

ಕಲಿಯಬೇಕಾದ್ದು ಮಕ್ಕಳಿಗೂ ಇದೆ. ಕೋಳಿಗಳ ನಡುವೆ ಓಡಬಾರದು. ಹುಂಜದ ಎದುರಿಗೆ ಹೇಟೆಯನ್ನಾಗಲಿ ಮರಿಯನ್ನಾಗಲಿ ಹಿಡಿಯಬಾರದು. ಐದು ವರ್ಷದೊಳಗಿನವರನ್ನು ಒಂಟಿಯಾಗಿ ಬಿಡಲೇಬಾರದು. ಆರೋಗ್ಯವಾಗಿ ಕಾಣುವ ಕೋಳಿಯಲ್ಲೂ ಸಾಲ್ಮೊನೆಲ್ಲಾ ರೋಗಾಣು ಇರಬಹುದಾದ್ದರಿಂದ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಮುಳ್ಳು ಚುಚ್ಚಿದರೆ ಗಾಯವನ್ನು ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಬೇಕು. ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ಅವರು ಹೇಳುತ್ತಾರೆ.

ಮೇಲೆ ಬಿದ್ದ ಹುಂಜವನ್ನು ಒದ್ದರೆ ಅದು ಕಾಳಗಕ್ಕೆ ಕರೆದಂತೆಯೇ. ಇನ್ನಷ್ಟು ಹಟದಿಂದ ಬರುತ್ತದೆ. ಮಗುವಿನ ಮೇಲೆ ಒಮ್ಮೆ ಎರಗಿದ ಹುಂಜಕ್ಕೆ ಮಂಕರಿ ಕವುಚಿ, ಮಕ್ಕಳಿಲ್ಲದ ಮನೆಗೆ ಕೊಡುವುದೇ ಸರಿ. ಇಲ್ಲವಾದರೆ ಅದರ ದಾರಿ ಅಡಿಗೆಮನೆಗೆ. ಅಷ್ಟರಲ್ಲಿ ಮಕ್ಕಳು ಅದಕ್ಕೊಂದು ಹೆಸರಿಟ್ಟಿರುತ್ತಾರೆ. ಹೆಸರಿಟ್ಟ ಹುಂಜದ ಸಾರು ಯಾವ ಮಗುವಿನ ಗಂಟಲಲ್ಲೂ ಇಳಿಯುವುದಿಲ್ಲ.