ಕರೆಂಟ್ ಹೋದರೂ ಫ್ಯಾನ್ ತಿರುಗುವುದು ಹೇಗೆ? ಇನ್ವರ್ಟರ್ ಕೆಲಸ ಮಾಡುವ ಬಗೆ

ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಕಾಸರಗೋಡಿನ ಒಳನಾಡಿನ ತೋಟದ ಮನೆಗಳಲ್ಲಿ ಗಂಟೆಗಟ್ಟಲೆ ಕತ್ತಲೆ. ಇನ್ವರ್ಟರ್ ಇರುವ ಮನೆಯಲ್ಲಿ ಮಾತ್ರ ದೀಪ, ಫ್ಯಾನ್ ನಿಲ್ಲುವುದಿಲ್ಲ. ಆದರೆ ಬ್ಯಾಟರಿಯ ಕರೆಂಟಿನಿಂದ ಫ್ಯಾನ್ ನೇರವಾಗಿ ತಿರುಗದು. ನಡುವೆ ಒಂದು ಬದಲಾವಣೆ ಆಗಬೇಕು.

ಬ್ಯಾಟರಿಯಿಂದ ಬರುವುದು ಡಿ.ಸಿ., ಅಂದರೆ ಒಂದೇ ದಿಕ್ಕಿಗೆ ಹರಿಯುವ ನೇರ ವಿದ್ಯುತ್. ಒತ್ತಡ ಸುಮಾರು 12 ವೋಲ್ಟ್. ಕಂಬದಿಂದ ಮನೆಗೆ ಬರುವುದು ಎ.ಸಿ., ಅಂದರೆ ಪರ್ಯಾಯ ವಿದ್ಯುತ್. ಒತ್ತಡ 230 ವೋಲ್ಟ್, ಆವರ್ತನ 50 ಹರ್ಟ್ಸ್. ಅದು ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ. ಗಡಿಯ ಆಚೆಗೂ ಈಚೆಗೂ ಇದೇ ಲೆಕ್ಕ. ಹಾಗಾಗಿ ಮಂಗಳೂರಿನಲ್ಲಿ ಕೊಂಡ ಇನ್ವರ್ಟರ್ ಮಂಜೇಶ್ವರದಲ್ಲೂ ನಡೆಯುತ್ತದೆ.

ಇನ್ವರ್ಟರಿನ ಒಳಗೆ ಮಾಸ್ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್‌ಗಳ ಎರಡು ತಂಡಗಳಿವೆ. ಒಂದು ತಂಡ ತೆರೆದಾಗ ಬ್ಯಾಟರಿಯ ಕರೆಂಟ್ ಟ್ರಾನ್ಸ್‌ಫಾರ್ಮರಿನ ಸುರುಳಿಯಲ್ಲಿ ಒಂದು ದಿಕ್ಕಿಗೆ ಹರಿಯುತ್ತದೆ, ಇನ್ನೊಂದು ತೆರೆದಾಗ ಎದುರು ದಿಕ್ಕಿಗೆ. ಹೀಗೆ ಸರದಿಯಂತೆ ನಡೆದಾಗ ಡಿ.ಸಿ. ಹೋಗಿ ಎ.ಸಿ. ಆಗುತ್ತದೆ. ಟ್ರಾನ್ಸ್‌ಫಾರ್ಮರ್ ಅದರ ಒತ್ತಡವನ್ನು ಸುಮಾರು 20 ಪಟ್ಟು ಏರಿಸುತ್ತದೆ.

ಅಗ್ಗದ ಇನ್ವರ್ಟರುಗಳಲ್ಲಿ ಕರೆಂಟ್ ಥಟ್ಟನೆ ದಿಕ್ಕು ಬದಲಿಸುತ್ತದೆ. ಇದು ಸ್ಕ್ವೇರ್ ವೇವ್. ಫ್ಯಾನ್ ಗುಂಯ್‌ಗುಡುವುದು ಇದರಿಂದಲೇ. ಸೈನ್ ವೇವ್ ಇನ್ವರ್ಟರಿನಲ್ಲಿ ಸ್ವಿಚ್‌ಗಳು ಸೆಕೆಂಡಿಗೆ ಸಾವಿರಾರು ಸಲ ಕೆಲಸ ಮಾಡಿ, ಕಂಬದ ಕರೆಂಟಿನಂತೆಯೇ ನಯವಾದ ಏರಿಳಿತ ಕೊಡುತ್ತವೆ.

ಎಷ್ಟು ಹೊತ್ತು ಉರಿಯುತ್ತದೆ?

12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1,800 ವಾಟ್-ಅವರ್ ಶಕ್ತಿ ಇರುತ್ತದೆ. 300 ವಾಟ್ ಬಳಸಿದರೆ ಲೆಕ್ಕದ ಪ್ರಕಾರ 6 ಗಂಟೆ. ಆದರೆ ಬದಲಾವಣೆಯಲ್ಲಿ ಒಂದಷ್ಟು ಶಕ್ತಿ ಬಿಸಿಯಾಗಿ ಹೋಗುತ್ತದೆ, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡುವಂತೆಯೂ ಇಲ್ಲ. ಆದ್ದರಿಂದ ಸುಮಾರು 4 ಗಂಟೆ ಎಂದುಕೊಳ್ಳುವುದು ಸರಿ. ಇದೇ 300 ವಾಟಿಗೆ ಬ್ಯಾಟರಿ ಕಡೆಯಿಂದ 25 ಆಂಪಿಯರಿಗೂ ಹೆಚ್ಚು ಹರಿಯಬೇಕು. ಬ್ಯಾಟರಿಯ ವಯರ್ ದಪ್ಪ ಇರುವುದು ಅದಕ್ಕೇ. ಟರ್ಮಿನಲ್ ಸಡಿಲವಾದರೆ ಕಾದು ಸುಡುತ್ತದೆ.

ಮೈನ್ ಸ್ವಿಚ್ ತೆಗೆದರೆ ಸಾಲದು

ಬ್ಯಾಟರಿ ಬರೀ 12 ವೋಲ್ಟ್, ಏನೂ ಆಗದು ಎಂಬ ನಂಬಿಕೆ ಜೀವಕ್ಕೇ ಅಪಾಯ. ಇನ್ವರ್ಟರಿನಿಂದ ಹೊರಬರುವುದು 230 ವೋಲ್ಟ್. ಮೈನ್ ಸ್ವಿಚ್ ತೆಗೆದ ಕೂಡಲೇ ಇನ್ವರ್ಟರ್ ಕರೆಂಟ್ ಹೋಯಿತೆಂದು ತಿಳಿದು ತಾನೇ ಲೈನಿಗೆ ವಿದ್ಯುತ್ ಕೊಡಲು ತೊಡಗುತ್ತದೆ. ವಯರಿಂಗ್ ರಿಪೇರಿಗೆ ಕೈ ಹಾಕುವ ಮುನ್ನ ಇನ್ವರ್ಟರನ್ನೂ ಬಂದ್ ಮಾಡಿ, ಟೆಸ್ಟರ್ ಹಿಡಿದು ನೋಡಲೇಬೇಕು.

ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊರಬರುತ್ತದೆ. ಅದಕ್ಕೆ ಬೆಂಕಿ ತಗುಲಿದರೆ ಸಿಡಿಯುತ್ತದೆ. ಬ್ಯಾಟರಿಯನ್ನು ಗಾಳಿಯಾಡುವ ಕಡೆ ಇಡಬೇಕು, ಹತ್ತಿರ ಬೀಡಿ, ದೀಪ ಸಲ್ಲದು. ನೀರು ಕಡಿಮೆಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಬಾವಿ ನೀರಿನಲ್ಲಿರುವ ಲವಣಗಳು ಬ್ಯಾಟರಿಯನ್ನು ಹಾಳುಮಾಡುತ್ತವೆ.