ಉಣ್ಣದ ಬಾಯಿಗೂ ಶುಚಿ ಬೇಕು

“ಬಾಯಿಗೆ ಒಂದು ಅಗುಳೂ ಹೋಗಿಲ್ಲ, ಹಲ್ಲುಜ್ಜುವುದೇಕೆ?” ಐ.ಸಿ.ಯು. ಎಂಬ ತೀವ್ರ ನಿಗಾ ವಿಭಾಗದಲ್ಲಿ ನಂಟರನ್ನು ಬಿಟ್ಟು ಹೊರಗೆ ಬೆಂಚಿನ ಮೇಲೆ ಕಾಯುವವರಿಗೆ ಹೀಗೆ ತೋರುವುದು ಸಹಜ. ಆದರೆ ಉಣ್ಣದ ಬಾಯಿಯೇ ಬೇಗ ಕೆಡುವುದು. ಅದು ಕೆಟ್ಟರೆ ಶ್ವಾಸಕೋಶಕ್ಕೆ ಅಪಾಯ.

ಆರೋಗ್ಯವಂತರ ಬಾಯನ್ನು ಜೊಲ್ಲು ಸದಾ ತೊಳೆಯುತ್ತಿರುತ್ತದೆ. ಅಗಿಯುವುದು, ನುಂಗುವುದು, ಮಾತಾಡುವುದು ಇವೂ ಅದನ್ನು ಚೊಕ್ಕಟವಾಗಿಡುತ್ತವೆ. ವೆಂಟಿಲೇಟರ್, ಅಂದರೆ ಉಸಿರಾಡಿಸುವ ಯಂತ್ರ, ಹಾಕಿದ ರೋಗಿಗೆ ಇದಾವುದೂ ಇಲ್ಲ. ಕೊಳವೆಯಿಂದಾಗಿ ಬಾಯಿ ತೆರೆದೇ ಇರುತ್ತದೆ. ಔಷಧಗಳಿಂದ ಜೊಲ್ಲು ಬತ್ತುತ್ತದೆ. ಹಲ್ಲಿನ ಮೇಲೆ ಅಂಟು ಪದರ ಕಟ್ಟಿ, ಎರಡು ದಿನ ಕಳೆಯುವಷ್ಟರಲ್ಲಿ ಆಸ್ಪತ್ರೆಯ ಹಠಮಾರಿ ರೋಗಾಣುಗಳು ಅಲ್ಲಿ ನೆಲೆಸಬಹುದು.

ಕೊಳವೆಯ ಕೆಳತುದಿಯ ಸುತ್ತ ಗಾಳಿ ತುಂಬಿದ ಪುಟ್ಟ ಚೀಲವಿದ್ದು ಶ್ವಾಸನಾಳದ ಸಂದನ್ನು ಮುಚ್ಚುತ್ತದೆ. ಆದರೂ ಅದರ ಮಡಿಕೆಗಳ ನಡುವಿನಿಂದ ಬಾಯಿಯ ದ್ರವ ಸ್ವಲ್ಪಸ್ವಲ್ಪವಾಗಿ ಒಳಕ್ಕೆ ಜಿನುಗುತ್ತದೆ. ಹೀಗೆ ಬರುವ ನ್ಯುಮೋನಿಯಾ ಪ್ರಾಣಕ್ಕೂ ಎರವಾಗಬಹುದು.

ಇದನ್ನು ತಡೆಯಲು ಕ್ಲೋರ್‌ಹೆಕ್ಸಿಡಿನ್ ಎಂಬ ಔಷಧದ್ರವದಿಂದ ಬಾಯಿ ಒರೆಸುವ ರೂಢಿ ಬಹುಕಾಲ ನಡೆಯಿತು. 2022ರಲ್ಲಿ ಅಮೆರಿಕದ ಸೋಂಕು ತಜ್ಞರ ಸಂಘಗಳು ಆ ರೂಢಿ ಬೇಡವೆಂದು, ಬ್ರಷ್‌ನಿಂದ ಹಲ್ಲುಜ್ಜುವುದೇ ಅವಶ್ಯವೆಂದು ಸೂಚಿಸಿದವು. 2023ರಲ್ಲಿ ಪ್ರಕಟವಾದ, 15 ಪ್ರಯೋಗಗಳನ್ನು ಒಟ್ಟುಗೂಡಿಸಿದ ಪರಿಶೀಲನೆಯಲ್ಲಿ, ಹಲ್ಲುಜ್ಜಿಸಿಕೊಂಡವರಲ್ಲಿ ಆಸ್ಪತ್ರೆಯ ನ್ಯುಮೋನಿಯಾ ಸುಮಾರು ಮೂರನೆಯ ಒಂದು ಪಾಲು ಕಡಿಮೆ ಕಂಡುಬಂತು. ದಿನಕ್ಕೆರಡು ಸಲ ಸಾಕು; ಮೂರು ಸಲದಿಂದ ಹೆಚ್ಚಿನ ಲಾಭ ಕಾಣಲಿಲ್ಲ.

ಈ ಕೆಲಸ ದಾದಿಯರದು. ತಲೆಯ ಕಡೆ ಹಾಸಿಗೆಯನ್ನು 30ರಿಂದ 45 ಡಿಗ್ರಿ ಎತ್ತರಿಸಿ, ಕೊಳವೆ ಕದಲದಂತೆ ಹಿಡಿದು, ಮೆತ್ತನೆಯ ಸಣ್ಣ ಬ್ರಷ್‌ನಿಂದ ಹಲ್ಲು, ಒಸಡು, ನಾಲಗೆ ಉಜ್ಜಿ, ಕೂಡಿದ ದ್ರವವನ್ನು ಹೀರುಗೊಳವೆಯಿಂದ ತೆಗೆಯುತ್ತಾರೆ. ಒಣಗಿದ ತುಟಿಗೆ ಆಗಾಗ್ಗೆ ತೇವ ಕೊಡುತ್ತಾರೆ.

ಮನೆಯವರು ಮಾಡಬೇಕಾದುದೂ ಉಂಟು:

1. ಕಟ್ಟಿಸಿದ ಹಲ್ಲಿನ ಸೆಟ್ಟು ಇದ್ದರೆ, ಹಲ್ಲು ಅಲ್ಲಾಡುತ್ತಿದ್ದರೆ, ಮೊದಲೇ ತಿಳಿಸಿರಿ. ಕಳಚಿದ ಹಲ್ಲು ಶ್ವಾಸನಾಳಕ್ಕೆ ಜಾರಬಹುದು.

2. ಪ್ರೀತಿಯಿಂದಲೇ ಆದರೂ ನೀರು, ಎಳನೀರು, ತೀರ್ಥ ಯಾವುದನ್ನೂ ಬಾಯಿಗೆ ಬಿಡಬೇಡಿರಿ. ನುಂಗಲಾರದವರಿಗೆ ಒಂದು ಚಮಚ ನೀರೂ ಕೇಡು. ತೀರ್ಥವನ್ನು, ದಾದಿಯರ ಒಪ್ಪಿಗೆ ಪಡೆದು, ಹಣೆಗೆ ಮುಟ್ಟಿಸಿದರೆ ಸಾಕು.

3. “ಇವತ್ತು ಹಲ್ಲುಜ್ಜಿದ್ದೀರಾ? ಬ್ರಷ್ ತರಬೇಕೆ?” ಎಂದು ವಿನಯದಿಂದ ಕೇಳಿರಿ. ತುಟಿ ಬಿರಿದಿದ್ದರೆ, ರಕ್ತ ಜಿನುಗಿದ್ದರೆ ತೋರಿಸಿರಿ.

4. ಕೊಳವೆ ತೆಗೆದ ಮೇಲೂ ನುಂಗುವ ಶಕ್ತಿ ಕೂಡಲೇ ಮರಳದಿರಬಹುದು. ಡಾಕ್ಟರು ಹೇಳುವ ತನಕ ನೀರು ಕುಡಿಸಬೇಡಿರಿ.

ಊರಿನಿಂದ ಚಿಕಿತ್ಸೆಗೆಂದು ಮುಂಬಯಿಗೆ ಬರುವ ಎಷ್ಟೋ ಮಂದಿಗೆ ಮರಾಠಿಯೂ ಬಾರದು, ಹಿಂದಿಯೂ ಬಾರದು. ಕೇಳಬೇಕೆಂದು ತಿಳಿದಿದ್ದರೂ ಬಾಯಿ ಬಿಡಲಾರರು. ಅಂಥವರು ನಿಮ್ಮ ಚಾಳಿನಲ್ಲಿ ಇಳಿದಿದ್ದರೆ ಭೇಟಿಯ ಹೊತ್ತಿಗೆ ಒಂದು ಸಲ ಜೊತೆಗೆ ಹೋಗಿ ಈ ಮಾತುಗಳನ್ನು ಅವರ ಪರವಾಗಿ ಆಡಿರಿ. ಪಾಳಿ ಮುಗಿದ ಮೇಲಿನ ಅರ್ಧ ಗಂಟೆಯ ಕೆಲಸವಿದು.